ಅಸಲಿಗೆ ಬಿದ್ದ ಸಾಸಿವೆ ಡಬ್ಬಿಯ ಕಾಸು

ಸಾಲಗಾರ ಅವಧಿಗೆ ಮುಂಚೆಯೇ ಹಣ ಹಿಡಿದುಕೊಂಡು ಬಾಗಿಲಿಗೆ ಬಂದರೆ ಸಾಲ ಕೊಟ್ಟವನಿಗೆ ಸಂತೋಷವಾಗಬೇಕು. ಸಾಮಾನ್ಯವಾಗಿ ಆಗುವುದಿಲ್ಲ. ಕೊಟ್ಟ ಅಸಲು ಕ್ಷೇಮವಾಗಿ ಹಿಂದಕ್ಕೆ ಬಂತು ಎಂಬ ನೆಮ್ಮದಿಗಿಂತ, ಮುಂದೆ ಬರಬೇಕಾಗಿದ್ದ ಬಡ್ಡಿ ನಿಂತುಹೋಯಿತಲ್ಲ ಎಂಬ ಸಂಕಟವೇ ದೊಡ್ಡದು. ಮನೆಯ ಮೇಲೆ ಸಾಲ ಮಾಡಿ, ಊಟ ಉಡುಗೆಯಲ್ಲಿ ಕೈ ಹಿಡಿದು, ನಾಲ್ಕು ಕಾಸು ಉಳಿಸಿ ಬೇಗನೆ ಋಣ ಹರಿದುಕೊಳ್ಳಬೇಕೆನ್ನುವ ಸಂಸಾರಗಳಿಗೂ ಅವರಿಗೆ ಸಾಲ ಕೊಟ್ಟವರಿಗೂ ನಡುವಿನ ಈ ಹಗ್ಗಜಗ್ಗಾಟ ನಿನ್ನೆ ಮೊನ್ನೆಯದಲ್ಲ. ಸುಮಾರು ಒಂಬತ್ತು ನೂರು ವರ್ಷಗಳ ಹಿಂದೆಯೇ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿದ್ದ ಒಬ್ಬ ಪಂಡಿತ ಇದನ್ನು ಕುರಿತು ಬರೆದಿದ್ದಾನೆ.

ಆತ ವಿಜ್ಞಾನೇಶ್ವರ. ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ (1076-1126) ಕಾಲದವನು. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ 'ಮಿತಾಕ್ಷರ' ಎಂಬ ವ್ಯಾಖ್ಯಾನ ಮುಂದೆ ದೇಶದ ಬಹುಭಾಗದಲ್ಲಿ ಹಿಂದೂ ಆಸ್ತಿ ಹಂಚಿಕೆಯ ಕಾನೂನಿಗೆ ಆಧಾರವಾಯಿತು. ಆ ಗ್ರಂಥವೆಂದರೆ ಪಿತ್ರಾರ್ಜಿತ ಆಸ್ತಿಯ ವ್ಯಾಜ್ಯಗಳೇ ಎಲ್ಲರಿಗೂ ನೆನಪಾಗುತ್ತವೆ. ಆದರೆ ಅದರಲ್ಲಿ ಸಾಲ ಮತ್ತು ಅಡವಿನ ಭಾಗವೂ ವಿಸ್ತಾರವಾಗಿಯೇ ಇದೆ. ಅಡವಿಟ್ಟು ಪಡೆದ ಸಾಲಕ್ಕೆ ತಿಂಗಳಿಗೆ ಎಂಬತ್ತರಲ್ಲಿ ಒಂದು ಪಾಲು ಬಡ್ಡಿ ಎಂಬುದು ಸ್ಮೃತಿಯ ಲೆಕ್ಕ. ಅಂದರೆ ತಿಂಗಳಿಗೆ ನೂರಕ್ಕೆ ಒಂದೂಕಾಲು, ವರ್ಷಕ್ಕೆ ಶೇ 15. (1990ರ ದಶಕದ ಮಧ್ಯಭಾಗದಲ್ಲಿ ನಮ್ಮ ಗೃಹಸಾಲದ ಬಡ್ಡಿಯೂ ಹೆಚ್ಚು ಕಡಿಮೆ ಇಷ್ಟೇ ಇತ್ತೆಂಬುದು ಒಂದು ತಮಾಷೆ.) ಅಡವಿಲ್ಲದ ಸಾಲಕ್ಕೆ ಮಾತ್ರ ವರ್ಣವನ್ನು ನೋಡಿ ತಿಂಗಳಿಗೆ ನೂರಕ್ಕೆ ಎರಡರಿಂದ ಐದರವರೆಗೆ ಬಡ್ಡಿ, ಕೆಳಗಿನವನಿಗೇ ಹೆಚ್ಚು. ಆದ್ದರಿಂದ ಆ ಕಾಲವನ್ನು ಸಾಲಗಾರರ ಸ್ವರ್ಗವೆಂದು ತಿಳಿಯಬೇಕಾಗಿಲ್ಲ.

ಇಲ್ಲಿ ಗಮನಿಸಬೇಕಾದ ನಿಯಮಗಳು ಎರಡು. ಸಾಲಗಾರ ಹಣ ಕೊಡಲು ಬಂದಾಗ ಸಾಹುಕಾರ ತೆಗೆದುಕೊಳ್ಳಲು ಒಪ್ಪದಿದ್ದರೆ, ಆ ಹಣವನ್ನು ಮಧ್ಯಸ್ಥನೊಬ್ಬನ ಕೈಯಲ್ಲಿ ಇಡಬಹುದು. ಅಂದಿನಿಂದ ಬಡ್ಡಿ ಬೆಳೆಯುವುದಿಲ್ಲ. ಇನ್ನೊಂದು, ಬಿಡಿಸಿಕೊಳ್ಳಲು ಬಂದವನಿಗೆ ಅಡವಿಟ್ಟ ವಸ್ತುವನ್ನು ಬಿಟ್ಟುಕೊಡಲೇಬೇಕು. ಕೊಡದಿದ್ದರೆ ಸಾಲ ಕೊಟ್ಟವನು ಕಳ್ಳನಿಗೆ ಸಮಾನ. ಇಂಥ ನಿಯಮ ಮಾಡಬೇಕಾಯಿತೆಂದರೆ, ಬಂದ ಹಣವನ್ನು ಬೇಡವೆನ್ನುವ ಸಾಹುಕಾರರು ಆಗಲೂ ಇದ್ದರೆಂದೇ ಅರ್ಥ.

ಅವರು ಬೇಡವೆನ್ನಲು ಕಾರಣವಿತ್ತು. ಕನ್ನಡ ನಾಡಿನಲ್ಲಿ ಬಹುಕಾಲ ನಡೆದುಬಂದ ಅಡವಿನ ಬಗೆಯೆಂದರೆ ಭೋಗ್ಯ. ಮನೆಯನ್ನೋ ಜಮೀನನ್ನೋ ಸಾಲ ಕೊಟ್ಟವನ ವಶಕ್ಕೆ ಕೊಡುವುದು, ಅದರ ಫಲವನ್ನು ಅವನು ಬಡ್ಡಿಯ ಬದಲಿಗೆ ಅನುಭವಿಸುವುದು, ಅಸಲು ಪೂರ್ತಿ ಹಿಂದಿರುಗಿಸಿದಾಗ ಆಸ್ತಿ ಹಿಂದಕ್ಕೆ ಬರುವುದು. ಇದರಲ್ಲಿ ಬಡ್ಡಿ ಕಟ್ಟುವ ತಲೆನೋವಿಲ್ಲ ಎಂಬುದು ನಿಜ. ಆದರೆ ತೊಡಕು ಇರುವುದೂ ಅಲ್ಲಿಯೇ. ಐನೂರು ರೂಪಾಯಿ ಸಾಲಕ್ಕೆ ಭೋಗ್ಯಕ್ಕಿಟ್ಟ ಹೊಲವನ್ನು ಬಿಡಿಸಿಕೊಳ್ಳಲು ಐನೂರು ರೂಪಾಯಿಯೇ ಇಡಿಗಂಟಾಗಿ ಬೇಕು. ಈ ವರ್ಷ ಇಪ್ಪತ್ತು, ಮುಂದಿನ ವರ್ಷ ಮೂವತ್ತು ಎಂದು ಕೊಟ್ಟರೆ ಹೊಲದ ಒಂದು ಮೂಲೆಯೂ ಹಿಂದಕ್ಕೆ ಬಾರದು. ಹೆಂಗಸರು ಹಾಲು ಮೊಸರು ಮಾರಿ, ಹಬ್ಬದ ಸೀರೆ ಬಿಟ್ಟು ಕೂಡಿಸಿದ ಕಾಸು ಮಡಕೆಯಲ್ಲೋ, ಸಾಸಿವೆ ಡಬ್ಬಿಯಲ್ಲೋ ಕುಳಿತಿರಬೇಕು. ಆ ಮಡಕೆ ತುಂಬುವುದರೊಳಗೆ ಒಂದು ಬರ, ಒಂದು ಮದುವೆ, ಒಂದು ಕಾಯಿಲೆ ಬಂದೇ ಬರುತ್ತಿತ್ತು. ಮಡಕೆ ಮತ್ತೆ ಖಾಲಿ. ಮಿತವ್ಯಯದ ಗುಣ ಅವರಲ್ಲಿ ಇರಲಿಲ್ಲವೆಂದಲ್ಲ. ಚಿಕ್ಕ ಹಣ ದೊಡ್ಡ ಸಾಲವನ್ನು ಮುಟ್ಟಲು ದಾರಿಯೇ ಇರಲಿಲ್ಲ.

ಬ್ರಿಟಿಷರ ಕಾಲದ 1882ರ ಸ್ವತ್ತು ವರ್ಗಾವಣೆ ಕಾಯಿದೆ ಅಡಮಾನಗಳನ್ನು ಆರು ಬಗೆಯಾಗಿ ವಿಂಗಡಿಸಿತು. ನಮ್ಮ ಭೋಗ್ಯಕ್ಕೂ ಅದರಲ್ಲಿ ಜಾಗ ಸಿಕ್ಕಿತು. ಅಡವಿಟ್ಟವನಿಗೆ ಆಸ್ತಿಯನ್ನು ಬಿಡಿಸಿಕೊಳ್ಳುವ ಹಕ್ಕನ್ನು ಅದರ 60ನೇ ಸೆಕ್ಷನ್ ಕೊಟ್ಟಿತು. ಯಾವ ಕರಾರು ಬರೆಸಿಕೊಂಡರೂ ಆ ಹಕ್ಕನ್ನು ಕಸಿಯಲಾಗದು ಎಂಬ ತತ್ವವನ್ನು ನ್ಯಾಯಾಲಯಗಳು ಎತ್ತಿಹಿಡಿದವು. ಇದು ದೊಡ್ಡ ರಕ್ಷಣೆಯೇ ಸರಿ. ಆದರೆ ಆ ಹಕ್ಕು ಹುಟ್ಟುವುದು ಅಸಲು ಸಲ್ಲಿಸಬೇಕಾದ ಗಡುವು ಬಂದ ನಂತರ. ಗಡುವಿಗೆ ಮುಂಚೆಯೇ ತೀರಿಸುತ್ತೇನೆ ಎನ್ನುವವನಿಗೆ ಕಾಯಿದೆಯಲ್ಲಿ ಅಂಥ ಬಲವೇನೂ ಇರಲಿಲ್ಲ.

ಅದಕ್ಕೆ ಕೆಲವೇ ವರ್ಷ ಮುಂಚೆ, 1875ರಲ್ಲಿ, ಪುಣೆ ಮತ್ತು ಅಹಮದ್‌ನಗರ ಸೀಮೆಯ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟಿದ್ದರು. ಅದರ ಫಲವಾಗಿ ಬಂದ 1879ರ ದಖ್ಖನ್ ರೈತರ ಪರಿಹಾರ ಕಾಯಿದೆ, ಕಂತುಗಳಲ್ಲಿ ಹಣ ಕಟ್ಟಿಸಿ ಅಡವು ಬಿಡಿಸಿಕೊಡುವ ಅಧಿಕಾರವನ್ನು ನ್ಯಾಯಾಲಯಗಳಿಗೆ ನೀಡಿತು. ಆ ಕಾಯಿದೆ ಕ್ರಮೇಣ ಮುಂಬೈ ಪ್ರಾಂತ್ಯದ ಇತರ ಜಿಲ್ಲೆಗಳಿಗೂ ಹಬ್ಬಿತು. ಕಂತು ಎಂಬ ಮಾತಿಗೆ ಇಲ್ಲೊಂದು ನೆಲೆ ಸಿಕ್ಕಿತು. ಆದರೆ ಅದು ಕೋರ್ಟಿನ ಮೆಟ್ಟಿಲು ಹತ್ತಿದವರಿಗೆ ಮಾತ್ರ.

ಕಂತಿನ ಸಾಲವನ್ನೇ ಒಂದು ಪದ್ಧತಿಯನ್ನಾಗಿ ಮಾಡಿದವರು ಇಂಗ್ಲೆಂಡಿನ ಕುಶಲಕರ್ಮಿಗಳು. 1775ರಲ್ಲಿ ಬರ್ಮಿಂಗ್‌ಹ್ಯಾಮ್ ನಗರದ 'ಗೋಲ್ಡನ್ ಕ್ರಾಸ್' ಎಂಬ ಹೋಟೆಲಿನಲ್ಲಿ, ಅದರ ಮಾಲೀಕ ರಿಚರ್ಡ್ ಕೆಟ್ಲಿಯ ಮುಂದಾಳ್ತನದಲ್ಲಿ, ಕಟ್ಟಡ ಸಂಘವೊಂದು ಹುಟ್ಟಿತು. ಸದಸ್ಯರೆಲ್ಲ ತಿಂಗಳು ತಿಂಗಳು ಹಣ ಹಾಕುವುದು, ಸೇರಿದ ಹಣದಲ್ಲಿ ಸರದಿಯ ಮೇಲೆ ಒಬ್ಬೊಬ್ಬರಿಗೆ ಮನೆ, ಎಲ್ಲರಿಗೂ ಮನೆಯಾದ ಮೇಲೆ ಸಂಘ ವಿಸರ್ಜನೆ. ನಮ್ಮ ಚೀಟಿ ವ್ಯವಹಾರವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಭಾರತಕ್ಕೆ ಈ ಪದ್ಧತಿ ಬಂದದ್ದು ಸಹಕಾರ ಸಂಘಗಳ ಮೂಲಕ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯಾಯಿತು. ಮರುವರ್ಷವೇ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ಅದೇ 1905ರಲ್ಲಿ ಮೈಸೂರು ಸಂಸ್ಥಾನವೂ ತನ್ನದೇ ಕಾಯಿದೆ ಮಾಡಿಕೊಂಡಿತು. ದೇಶದ ಗೃಹನಿರ್ಮಾಣ ಸಹಕಾರ ಚಳವಳಿಯ ಆರಂಭವನ್ನು ಗುರುತಿಸುವುದೂ ಇಲ್ಲಿಯೇ: 1909ರಲ್ಲಿ ಸ್ಥಾಪನೆಯಾದ ಬೆಂಗಳೂರು ಕಟ್ಟಡ ಸಹಕಾರ ಸಂಘದಿಂದ. ಪ್ಲೇಗಿನ ಹೆದರಿಕೆಯಿಂದ ಹಳೆಯ ಪೇಟೆ ಬಿಟ್ಟು ಬಸವನಗುಡಿ, ಮಲ್ಲೇಶ್ವರಗಳ ಕಡೆಗೆ ಜನ ಹೊರಟಿದ್ದ ಕಾಲ ಅದು. ಕೆನರಾದಿಂದ ಮುಂಬೈಗೆ ಹೋಗಿ ನೆಲೆಸಿದ ಸಾರಸ್ವತರು 1915ರಲ್ಲಿ ಗಾಮದೇವಿಯಲ್ಲಿ ತಮ್ಮದೇ ಗೃಹ ಸಹಕಾರ ಸಂಘ ಆರಂಭಿಸಿದರು. ಅದರ ಹಿಂದಿದ್ದವರು ಶ್ರೀಪಾದ ಸುಬ್ರಾವ್ ತಲ್ಮಕಿ. ಗುಮಾಸ್ತೆಗಳು, ಉಪಾಧ್ಯಾಯರು, ಅಂದರೆ ತಿಂಗಳ ಸಂಬಳವಲ್ಲದೆ ಬೇರೆ ಆಸ್ತಿಯಿಲ್ಲದವರು, ಮನೆಯ ಆಸೆ ಪಡಲು ಧೈರ್ಯ ಮಾಡಿದ್ದು ಇಂಥ ಸಂಘಗಳಿಂದ.

ಇದೇ ಹೊತ್ತಿಗೆ ಕರಾವಳಿಯಲ್ಲಿ ಇನ್ನೊಂದು ಪ್ರಯೋಗ ನಡೆಯಿತು. 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವರು ಸ್ಥಾಪಿಸಿದ ಬ್ಯಾಂಕು (ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು) 1928ರಲ್ಲಿ ಪಿಗ್ಮಿ ಠೇವಣಿಯನ್ನು ಜಾರಿಗೆ ತಂದಿತು. ಬ್ಯಾಂಕಿನ ಏಜೆಂಟನೇ ದಿನಾ ಮನೆ ಬಾಗಿಲಿಗೆ, ಅಂಗಡಿಗೆ ಬರುತ್ತಾನೆ. ಎರಡಾಣೆ ಕೊಟ್ಟರೂ ಸಾಕು, ಬರೆದುಕೊಂಡು ಹೋಗುತ್ತಾನೆ. ಸಾಸಿವೆ ಡಬ್ಬಿಗೆ ಕಾಲು ಬಂದಂತೆ ಆಯಿತು. ಖರ್ಚು ಮಾಡದೆ ಉಳಿದ ಎರಡಾಣೆಗೆ ಮೊದಲ ಬಾರಿಗೆ ಒಂದು ಲೆಕ್ಕ, ಒಂದು ಬಡ್ಡಿ ಸಿಕ್ಕಿತು. ಆದರೂ ಉಳಿತಾಯದ ಕಿಟಕಿ ಬೇರೆ, ಸಾಲದ ಕಿಟಕಿ ಬೇರೆ. ಒಂದರಲ್ಲಿ ಕಡಿಮೆ ಬಡ್ಡಿಗೆ ಹಣ ಕೊಟ್ಟು ಪಕ್ಕದಲ್ಲೇ ಹೆಚ್ಚು ಬಡ್ಡಿಗೆ ಸಾಲ ಹೊರುವುದರಲ್ಲಿ ಗೃಹಸ್ಥನಿಗೆ ನಷ್ಟವಿದೆ ಎಂಬುದನ್ನು ಲೆಕ್ಕ ಬಲ್ಲವರೂ ಎಷ್ಟೋ ಸಲ ಮರೆಯುತ್ತಾರೆ.

ಸ್ವಾತಂತ್ರ್ಯದ ನಂತರ ಬೆಂಗಳೂರಿನಲ್ಲಿ ಸ್ವಂತ ಮನೆ ಕಟ್ಟಿದ ಮಧ್ಯಮ ವರ್ಗದ ಕಥೆಯೇ ಬೇರೆ. 1940ರಲ್ಲಿ ಎಚ್.ಎ.ಎಲ್., ನಂತರ ಐ.ಟಿ.ಐ. (1948), ಎಚ್.ಎಂ.ಟಿ. (1953), ಬಿ.ಇ.ಎಲ್. (1954) ಕಾರ್ಖಾನೆಗಳು ಬಂದು, ನೌಕರರ ಗೃಹನಿರ್ಮಾಣ ಸಂಘಗಳು ಹುಟ್ಟಿಕೊಂಡು, ಇಂದು ಆ ಹೆಸರಿನ ಬಡಾವಣೆಗಳೇ ಇವೆ. ಸಾಲ ಸಿಗುತ್ತಿದ್ದದ್ದು ಮುಖ್ಯವಾಗಿ ಕೆಲಸ ಮಾಡುವ ಕಡೆಯಿಂದ ಅಥವಾ ಸಹಕಾರ ಸಂಘದಿಂದ. ಕೇಂದ್ರ ಸರ್ಕಾರದ ನೌಕರರಿಗೆ ಕೊಡುವ ಗೃಹನಿರ್ಮಾಣ ಮುಂಗಡದ ಕ್ರಮ ಕುತೂಹಲಕರವಾಗಿದೆ. ಅದರಲ್ಲಿ ಮೊದಲು ಅಸಲು, ಹೆಚ್ಚೆಂದರೆ 180 ತಿಂಗಳ ಕಂತು. ಅದು ಮುಗಿದ ಮೇಲೆ ಬಡ್ಡಿ, ಹೆಚ್ಚೆಂದರೆ 60 ಕಂತು. ಅದೂ ಸರಳ ಬಡ್ಡಿ. ಸಂಬಳದಿಂದ ಮುರಿದುಕೊಂಡ ಪ್ರತಿಯೊಂದು ರೂಪಾಯಿಯೂ ನೇರವಾಗಿ ಅಸಲಿಗೇ ಬೀಳುತ್ತಿತ್ತು. ಸಾಲಗಾರನ ಕಡೆಯಿಂದ ನೋಡಿದರೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ಊಹಿಸುವುದೂ ಕಷ್ಟ.

ಆ ಕಾಲದ ಮನೆಗಳಲ್ಲಿ ಖರ್ಚು ಕಡಿಮೆ ಮಾಡುವುದಕ್ಕೆ ಯಾರೂ ಪುಸ್ತಕ ಓದಬೇಕಾಗಿರಲಿಲ್ಲ. ರಾಗಿ, ಬೇಳೆ, ಹುಣಸೆಹಣ್ಣು, ಮೆಣಸಿನಕಾಯಿಯನ್ನು ಸುಗ್ಗಿಯಲ್ಲಿ ಅಗ್ಗವಾದಾಗ ವರ್ಷಕ್ಕಾಗುವಷ್ಟು ಕೊಂಡು ಒಣಗಿಸಿ ಇಡುವುದು, ಹಪ್ಪಳ ಸಂಡಿಗೆ ಬೇಸಿಗೆಯಲ್ಲೇ ಮಾಡಿಕೊಳ್ಳುವುದು, ಸ್ನಾನಕ್ಕೆ ಸೀಗೆಪುಡಿ, ಅಣ್ಣನ ಅಂಗಿ ತಮ್ಮನಿಗೆ, ಹರಿದ ಸೀರೆ ಕೌದಿಗೆ. ರೇಷನ್ ಡಿಪೋದ ಮುಂದೆ ಸಕ್ಕರೆ, ಸೀಮೆಎಣ್ಣೆಗೆ ಸರದಿ. ಪ್ರೆಷರ್ ಕುಕ್ಕರ್ ಅಡಿಗೆಮನೆಗೆ ಬಂದದ್ದು ಡೌಲಿಗಲ್ಲ, ಬೇಳೆ ಬೇಯಿಸುವ ಉರುವಲು ಉಳಿಯುತ್ತದೆ ಎಂದು. 1980ರ ದಶಕದಲ್ಲಿ ದೂರದರ್ಶನದ ಸರ್ಫ್ ಜಾಹೀರಾತಿನಲ್ಲಿ ಬಂದ ಲಲಿತಾಜಿಯನ್ನು ನೆನಪಿಸಿಕೊಳ್ಳಿ. ಅಗ್ಗದ ನಿರ್ಮಾ ಪುಡಿಯ ಪೈಪೋಟಿ ತಡೆಯಲಾರದೆ ದೊಡ್ಡ ಕಂಪನಿಯೊಂದು ಸೃಷ್ಟಿಸಿದ ಪಾತ್ರ ಅದು. ಪೈಸೆ ಪೈಸೆಗೂ ಲೆಕ್ಕ ಹಾಕುವ ಗೃಹಿಣಿಯ ಮನಸ್ಸನ್ನು ಗೆಲ್ಲದೆ ಸೋಪಿನ ಪುಡಿಯನ್ನೂ ಮಾರಲಾಗದೆಂದು ಕಂಪನಿಗಳಿಗೆ ತಿಳಿದಿತ್ತು.

ಇದಕ್ಕಿಂತ ದೊಡ್ಡ ಉಳಿತಾಯ ಮನೆಯ ನಕ್ಷೆಯಲ್ಲಿಯೇ ಇರುತ್ತಿತ್ತು. ಹಿಂದೆ ಒಂದು ಕೋಣೆ ಒಂದು ಅಡಿಗೆಮನೆ ಎಬ್ಬಿಸಿ, ಗಿಲಾವು ಮಾಡುವುದಕ್ಕೂ ಕಾಯದೆ ಸಂಸಾರ ಹೂಡುವುದು. ಕೈಯಲ್ಲಿ ಕಾಸು ಕೂಡಿದಾಗ ಮುಂದಿನ ಭಾಗ. ಅದು ಮುಗಿದೊಡನೆ ಅದನ್ನು ಬಾಡಿಗೆಗೆ ಕೊಟ್ಟು ಮನೆಯವರು ಮಾತ್ರ ಹಿಂದಿನ ಔಟ್‌ಹೌಸಿನಲ್ಲೇ ಉಳಿಯುವುದು. ಬಾಡಿಗೆದಾರ ಮೊಸಾಯಿಕ್ ನೆಲದ ಮೇಲೆ, ಮಾಲೀಕ ರೆಡ್ ಆಕ್ಸೈಡ್ ನೆಲದ ಮೇಲೆ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಸಾಲ ತೀರಿಸಿದ್ದರಲ್ಲಿ ಸಂಬಳದಷ್ಟೇ ಪಾಲು ಈ ಬಾಡಿಗೆಗೂ ಇದೆ.

1977ರಲ್ಲಿ ಎಚ್.ಟಿ. ಪಾರೇಖ್ ಅವರು ಎಚ್.ಡಿ.ಎಫ್.ಸಿ. ಸಂಸ್ಥೆಯನ್ನು ಸ್ಥಾಪಿಸುವುದರೊಂದಿಗೆ ಈ ಚಿತ್ರ ಬದಲಾಯಿತು. ಸರ್ಕಾರಿ ನೌಕರಿಯಿಲ್ಲದವನಿಗೂ ಸಂಬಳದ ಆಧಾರದ ಮೇಲೆ ಮನೆ ಸಾಲ ಸಿಗುವಂತಾಯಿತು. 1987ರಲ್ಲಿ ಬೆಂಗಳೂರಿನಲ್ಲಿ ಕ್ಯಾನ್ ಫಿನ್ ಹೋಮ್ಸ್, 1988ರಲ್ಲಿ ರಾಷ್ಟ್ರೀಯ ಗೃಹನಿರ್ಮಾಣ ಬ್ಯಾಂಕ್, 1989ರಲ್ಲಿ ಎಲ್.ಐ.ಸಿ.ಯ ಗೃಹಸಾಲ ಸಂಸ್ಥೆ. ಇವುಗಳೊಂದಿಗೆ ಮನೆಮಾತಾದದ್ದು ಸಮಾನ ಮಾಸಿಕ ಕಂತು, ಎಲ್ಲರ ಬಾಯಲ್ಲಿ ಇ.ಎಂ.ಐ.

ಕಂತು ಸಮಾನವೇ ಹೊರತು ಅದರ ಒಡಲು ಸಮಾನವಲ್ಲ. ಶೇ 9ರ ಬಡ್ಡಿಗೆ 20 ವರ್ಷದ ಅವಧಿಗೆ 20 ಲಕ್ಷ ರೂ. ಸಾಲವೆಂದುಕೊಳ್ಳಿ. ತಿಂಗಳ ಕಂತು ಸುಮಾರು 17,995 ರೂ. ಮೊದಲ ಕಂತಿನಲ್ಲಿ 15,000 ರೂ. ಬಡ್ಡಿಗೇ ಹೋಗುತ್ತದೆ, ಅಸಲಿಗೆ ಬೀಳುವುದು ಮೂರು ಸಾವಿರಕ್ಕೂ ಕಡಿಮೆ. ಹದಿನಾಲ್ಕು ವರ್ಷ ತಪ್ಪದೆ ಕಟ್ಟಿದ ಮೇಲೂ ಅಸಲಿನಲ್ಲಿ ತೀರುವುದು ಅರ್ಧ ಮಾತ್ರ. ಇಪ್ಪತ್ತು ವರ್ಷ ಪೂರ್ತಿ ಕಟ್ಟಿದರೆ ಬಡ್ಡಿಯೇ 23 ಲಕ್ಷ ದಾಟುತ್ತದೆ. ಇದೇ ಸಾಲಕ್ಕೆ ಮೊದಲಿನಿಂದಲೂ ತಿಂಗಳಿಗೆ 2,000 ರೂ. ಹೆಚ್ಚಾಗಿ ಕಟ್ಟುತ್ತಾ ಬಂದರೆ ಹದಿನೈದೂವರೆ ವರ್ಷದಲ್ಲಿ ಸಾಲ ಮುಗಿಯುತ್ತದೆ. ಬಡ್ಡಿಯಲ್ಲಿ ಸುಮಾರು 6 ಲಕ್ಷ ಉಳಿಯುತ್ತದೆ. ಹೋಟೆಲ್ ಊಟ, ಆಟೊ ಸವಾರಿ, ಎರಡನೆಯ ಫೋನು ಎಂದು ಲೆಕ್ಕವಿಲ್ಲದೆ ಹೋಗುವ ಎರಡು ಸಾವಿರ ಅದು.

ಯಾವಾಗ ಕಟ್ಟುತ್ತೇವೆ ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ಮೊದಲ ತಿಂಗಳು ಹೆಚ್ಚಾಗಿ ಕಟ್ಟಿದ 1,000 ರೂ. ಕೊನೆಯ ಕಂತುಗಳಲ್ಲಿ ಸುಮಾರು 6,000 ರೂಪಾಯಿಯನ್ನು ತಪ್ಪಿಸುತ್ತದೆ. ಹದಿನೈದನೆಯ ವರ್ಷದ ಕೊನೆಯಲ್ಲಿ ಕಟ್ಟಿದರೆ ಅದೇ ಸಾವಿರ ತಪ್ಪಿಸುವುದು ಸುಮಾರು 1,570 ರೂ. ಮಾತ್ರ. ಸಂಬಳ ಕಡಿಮೆಯಿದ್ದು, ಮಕ್ಕಳು ಚಿಕ್ಕವರಾಗಿ, ಮನೆಗೆ ಪರದೆಯನ್ನೂ ಹಾಕಿಸಲಾಗದ ದಿನಗಳ ಬಿಗಿತಕ್ಕೇ ಹೆಚ್ಚು ಫಲ. ಸಂಬಳ ಏರಿ ಕೈ ಸಡಿಲವಾದ ಮೇಲೆ ಕಟ್ಟುವ ದೊಡ್ಡ ಮೊತ್ತಕ್ಕೆ ಅಷ್ಟು ಬಲವಿಲ್ಲ.

ಈ ಲೆಕ್ಕ ಗೊತ್ತಿದ್ದ ಸಾಲದಾತರು ಸುಮ್ಮನೆ ಕೂರಲಿಲ್ಲ. ಹಲವು ಸಂಸ್ಥೆಗಳು ಆರಂಭದಲ್ಲಿ ವಾರ್ಷಿಕ ಲೆಕ್ಕ ಇಟ್ಟುಕೊಂಡಿದ್ದವು. ಅಂದರೆ ತಿಂಗಳು ತಿಂಗಳು ಕಟ್ಟಿದ ಅಸಲನ್ನು ಕಳೆಯುವುದು ವರ್ಷದ ಕೊನೆಗೆ ಒಮ್ಮೆ. ಅಲ್ಲಿಯವರೆಗೆ, ಆಗಲೇ ಕಟ್ಟಿಬಿಟ್ಟ ಹಣಕ್ಕೂ ಬಡ್ಡಿ! ಬಡ್ಡಿಯ ದರ ಎಷ್ಟೆಂದು ಕೇಳುತ್ತಿದ್ದ ಗಿರಾಕಿಗಳು ಈ ಪ್ರಶ್ನೆ ಕೇಳುತ್ತಿದ್ದದ್ದು ಅಪರೂಪ. ಮಾಸಿಕ ಲೆಕ್ಕ ರೂಢಿಗೆ ಬಂದದ್ದು ಬ್ಯಾಂಕುಗಳ ಪೈಪೋಟಿ ಹೆಚ್ಚಿದ ಮೇಲೆ.

ಇನ್ನೊಂದು ಅಸ್ತ್ರ ಮುಂಚಿತ ಪಾವತಿಯ ದಂಡ. ಅವಧಿಗೆ ಮುಂಚೆ ಸಾಲ ತೀರಿಸಿದರೆ ಸಾಮಾನ್ಯವಾಗಿ ಶೇ 2ರ ಆಸುಪಾಸಿನಲ್ಲಿ ಶುಲ್ಕ ಹಾಕಲಾಗುತ್ತಿತ್ತು. ದೀರ್ಘಾವಧಿಯ ಠೇವಣಿ ಪಡೆದು ಸಾಲ ಕೊಟ್ಟಿರುತ್ತೇವೆ, ಮಧ್ಯದಲ್ಲಿ ಹಣ ಬಂದರೆ ನಮಗೆ ನಷ್ಟ ಎಂಬುದು ಬ್ಯಾಂಕುಗಳ ವಾದ. ಅದರಲ್ಲಿ ಹುರುಳೇ ಇಲ್ಲವೆನ್ನಲಾಗದು. ಆದರೆ ಬಡ್ಡಿ ಏರಿದರೆ ಆ ಭಾರ ಸಾಲಗಾರನ ಮೇಲೆಯೇ ಬೀಳುವ ಬದಲಾಗುವ ದರದ ಸಾಲದಲ್ಲಿ ಈ ವಾದಕ್ಕೆ ಬಲ ಸಾಲದು. 2010ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಇದು ಬಂದಾಗ ಬಹುಮತದ ತೀರ್ಪು ಬ್ಯಾಂಕುಗಳ ಪರವಾಯಿತು. ಅದೇ ವರ್ಷ ರಾಷ್ಟ್ರೀಯ ಗೃಹನಿರ್ಮಾಣ ಬ್ಯಾಂಕ್, ಸ್ವಂತ ಹಣದಿಂದ ಸಾಲ ತೀರಿಸುವವರಿಂದ ದಂಡ ವಸೂಲಿ ಮಾಡಬಾರದೆಂದು ಗೃಹಸಾಲ ಸಂಸ್ಥೆಗಳಿಗೆ ಸೂಚಿಸಿತು. ಬ್ಯಾಂಕ್ ಗ್ರಾಹಕ ಸೇವೆಯನ್ನು ಕುರಿತ ದಾಮೋದರನ್ ಸಮಿತಿ 2011ರಲ್ಲಿ ಇದೇ ಮಾತು ಹೇಳಿತು. ಕೊನೆಗೆ 2012ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್, ಬದಲಾಗುವ ದರದ ಗೃಹಸಾಲಗಳಿಗೆ ಬ್ಯಾಂಕುಗಳು ಇಂಥ ದಂಡ ಹಾಕಬಾರದೆಂದು ಆದೇಶಿಸಿತು. ಬಂದ ಹಣವನ್ನು ಬೇಡವೆನ್ನುವಂತಿಲ್ಲ ಎಂಬ ಹಳೆಯ ನಿಯಮಕ್ಕೆ ಹೊಸ ಸುತ್ತೋಲೆಯೊಂದು ಸಿಕ್ಕಿತು.

ಬದಲಾಗುವ ದರ ಇನ್ನೊಂದು ಬಗೆಯಲ್ಲಿ ಕಾಡಿತು. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕಿನ ರೆಪೊ ದರ ಶೇ 4ರಿಂದ 6.5ಕ್ಕೆ ಏರಿತು. ಬಹಳಷ್ಟು ಸಾಲಗಾರರ ಕಂತು ಏರಲಿಲ್ಲ. ಅದನ್ನು ಕಂಡು ಸಮಾಧಾನಪಟ್ಟವರಿಗೆ ಕಾಣದಂತೆ ಏರಿದ್ದು ಅವಧಿ. ಮೇಲೆ ಹೇಳಿದ 20 ಲಕ್ಷದ ಸಾಲದ ಆರಂಭದಲ್ಲೇ ದರ ಶೇ 9ರಿಂದ ಹತ್ತೂವರೆಗೆ ಏರಿ ಕಂತು ಹಾಗೆಯೇ ಉಳಿದರೆ, 20 ವರ್ಷದ ಸಾಲ 34 ವರ್ಷ ದಾಟುತ್ತದೆ. ತರಕಾರಿಯಲ್ಲಿ, ಕರೆಂಟಿನಲ್ಲಿ ಉಳಿಸಿ ಕಳೆದ ನಾಲ್ಕು ವರ್ಷವನ್ನು ಒಂದು ಕಂಪ್ಯೂಟರ್ ಸದ್ದಿಲ್ಲದೆ ಹದಿನಾಲ್ಕಾಗಿ ಹಿಂದಿರುಗಿಸಬಲ್ಲದು. ದರ ಬದಲಾದಾಗ ಕಂತು ಏರಿಸುವುದೋ, ಅವಧಿ ಹೆಚ್ಚಿಸುವುದೋ, ಒಂದಿಷ್ಟು ಅಸಲು ಕಟ್ಟುವುದೋ ಎಂಬ ಆಯ್ಕೆಯನ್ನು ಸಾಲಗಾರನಿಗೇ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಹೇಳಬೇಕಾಯಿತು.

ಸಾಲ ಬೇಗ ತೀರಿಸಬೇಡಿ, ಆದಾಯ ತೆರಿಗೆಯಲ್ಲಿ ಬಡ್ಡಿಗೆ ವಿನಾಯಿತಿ ಇದೆ ಎಂಬ ಉಪದೇಶವೂ ವರ್ಷಗಟ್ಟಲೆ ನಡೆಯಿತು. ಹೊಸ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಗೆ ಆ ವಿನಾಯಿತಿಯಿಲ್ಲ. ಉಪದೇಶದ ದನಿಯೂ ತಗ್ಗಿದೆ.

ಒಂದು ವಿಷಯ ಮಾತ್ರ ಈ ಎಲ್ಲ ಲೆಕ್ಕಗಳ ಹೊರಗೇ ಉಳಿದಿದೆ. ಮನೆ ಖರ್ಚು ಕಡಿಮೆ ಮಾಡಬೇಕೆಂದಾಗ ಮೊದಲು ಕಡಿಮೆಯಾಗುವುದು ಯಾರದು? ಗಂಡನ ಸಿಗರೇಟು, ಸ್ಕೂಟರಿನ ಪೆಟ್ರೋಲು ಕಡೆಗೆ. ಹೆಂಡತಿಯ ಸೀರೆ, ಅವಳ ಪಾಲಿನ ಹಾಲು, ಮುಂದೂಡಬಹುದೆನಿಸುವ ಅವಳ ಔಷಧಿ ಮೊದಲು. ತಳಪಾಯ ಹಾಕುವಾಗ ಬ್ಯಾಂಕಿಗೆ ಒತ್ತೆ ಹೋಗುವುದು ಅವಳ ಬಳೆ. ಕೆಲಸದವಳನ್ನು ಬಿಡಿಸಿದರೆ ಉಳಿಯುವ ಸಂಬಳ ಅಸಲಿಗೆ ಜಮೆಯಾಗುತ್ತದೆ. ಪಾತ್ರೆ ಉಜ್ಜುವ ಆ ದುಡಿಮೆ ಮನೆಯಾಕೆಯ ಮೇಲೆ ಬಿದ್ದದ್ದು ಯಾವ ಪಾಸ್‌ಬುಕ್ಕಿನಲ್ಲೂ ನಮೂದಾಗುವುದಿಲ್ಲ. ಆದರೆ ಕ್ರಯಪತ್ರ, ಖಾತೆ, ಕಂದಾಯದ ರಸೀದಿ ಬಹುಕಾಲ ಗಂಡನ ಹೆಸರಿನಲ್ಲಿಯೇ. 2015ರಲ್ಲಿ ಬಂದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನೆರವಿನ ಮನೆ ಸಂಸಾರದ ಹೆಣ್ಣುಮಗಳ ಹೆಸರಿನಲ್ಲಿ ಅಥವಾ ಜಂಟಿಯಾಗಿ ಇರಬೇಕೆಂಬ ನಿಯಮ ಬಂತು. ಬಡವರ ಮನೆಗೆ ಸರ್ಕಾರ ಹಾಕಿದ ಈ ಷರತ್ತನ್ನು ಉಳ್ಳವರ ಮನೆಗೆ ಯಾರೂ ಹಾಕಿಲ್ಲ.

ಭೋಗ್ಯವೂ ಪೂರ್ತಿ ಹೋಗಿಲ್ಲ. ಬೆಂಗಳೂರಿನಲ್ಲಿ ಇಂದಿಗೂ ಲಕ್ಷಗಟ್ಟಲೆ ಇಡಿಗಂಟು ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ವಾಸವಿದ್ದು, ಹಣ ಹಿಂದಕ್ಕೆ ಪಡೆದು ಹೋಗುವ ಕುಟುಂಬಗಳಿವೆ. 'ಮನೆ ಭೋಗ್ಯಕ್ಕಿದೆ' ಎಂಬ ಬೋರ್ಡು ಗೇಟುಗಳ ಮೇಲೆ ತೂಗುತ್ತದೆ. ಎಷ್ಟೋ ಸಲ ಮಾಲೀಕ ಆ ಗಂಟನ್ನು ಒಯ್ದು ಕಟ್ಟುವುದು ತನ್ನ ಮನೆ ಸಾಲದ ಅಸಲಿಗೇ.

ಇನ್ನು ಕೊನೆಯ ಕಂತು ಕಟ್ಟಿದವರ ಪಾಡು. ಸಾಲ ತೀರಿದ ಮೇಲೂ ಮೂಲ ಪತ್ರಗಳಿಗಾಗಿ ತಿಂಗಳುಗಟ್ಟಲೆ ಅಲೆದವರಿದ್ದಾರೆ. ಪತ್ರ ಬೇರೆ ಊರಿನ ಗೋದಾಮಿನಲ್ಲಿದೆ, ಹುಡುಕುತ್ತಿದ್ದೇವೆ ಎಂಬ ಉತ್ತರ ಕೇಳಿದವರೂ ಇದ್ದಾರೆ. 2023ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೊಂದು ಗಡುವು ಹಾಕಿತು. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲ ದಾಖಲೆಗಳನ್ನು ಹಿಂದಿರುಗಿಸಬೇಕು. ತನ್ನ ಕಾರಣದಿಂದ ತಡವಾದರೆ ಸಾಲ ಕೊಟ್ಟ ಸಂಸ್ಥೆ ದಿನಕ್ಕೆ 5,000 ರೂ.ನಂತೆ ಪರಿಹಾರ ಕೊಡಬೇಕು. ಆ ವರ್ಷದ ಡಿಸೆಂಬರ್ 1ರಿಂದ ಇದು ಜಾರಿಯಲ್ಲಿದೆ. ಅಡವು ಬಿಟ್ಟುಕೊಡದವನನ್ನು ಸ್ಮೃತಿಕಾರ ಕಳ್ಳನೆಂದು ಕರೆದಿದ್ದ. ರಿಸರ್ವ್ ಬ್ಯಾಂಕಿನ ಭಾಷೆ ಅಷ್ಟು ಒರಟಲ್ಲ, ಆದರೆ ದಿನದ ಲೆಕ್ಕ ಹಾಕಿದೆ.